ಗೋಡೆಗೆ ಕಿವಿ ಇಟ್ಟವರು ಯಾರು?

ಮಂಗಳೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ಇತ್ತೀಚೆಗೆ ಒಂದು ಘಟನೆ ಹೇಳಿದರು. ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಯುವಕನೊಬ್ಬ ಅಂಗಡಿಗೆ ಬಂದು, ಇತರ ಗಿರಾಕಿಗಳೆಲ್ಲ ಹೋಗುವ ತನಕ ಕಾದು ನಿಂತು, ಮೆಲ್ಲಗೆ ಕೇಳಿದನಂತೆ: "ಚಾರ್ಜರ್‌ನ ಹಾಗೆ ಕಾಣುವ, ಒಳಗೆ ಸಿಮ್ ಹಾಕುವ ಒಂದು ಸಾಮಾನು ಬರ್ತದಲ್ಲಾ, ಅದನ್ನು ತರಿಸಿ ಕೊಡ್ತೀರಾ? ನಾನು ಅಲ್ಲಿಂದ ಕರೆ ಮಾಡಿದರೆ ಇಲ್ಲಿ ಕೋಣೆಯ ಮಾತು ಕೇಳಬೇಕು." ಮದುವೆಯಾಗಿ ಒಂದು ವರ್ಷ. ಇನ್ನು ಹತ್ತು ದಿನದಲ್ಲಿ ವಿಮಾನ. ಗೆಳೆಯರು ಇಲ್ಲವೆಂದರು. ಯುವಕ ಬೇಸರವೇನೂ ಮಾಡಿಕೊಳ್ಳಲಿಲ್ಲ. "ಆನ್‌ಲೈನ್‌ನಲ್ಲಿ ಸಿಗ್ತದೆ, ನಿಮ್ಮಲ್ಲಿ ಇದ್ದರೆ ಬೇಗ ಆಗ್ತಿತ್ತು ಅಂತ ಕೇಳಿದ್ದು" ಎಂದು ಹೊರಟ. ಅಷ್ಟರಲ್ಲಿ ಅಸರ್ ಬಾಂಗ್ ಕೇಳಿಸಿತು. ಆತ ನೇರವಾಗಿ ಮಸೀದಿಯ ಕಡೆಗೆ ನಡೆದನಂತೆ.

ನನ್ನನ್ನು ಕಾಡಿದ್ದು ಆ ಕೊನೆಯ ಮಾತು. ಆತ ದುಷ್ಟನಲ್ಲ. ಕುಡುಕನಲ್ಲ, ಹೆಂಡತಿಗೆ ಹೊಡೆಯುವವನೂ ಅಲ್ಲದಿರಬಹುದು. ಐದು ಹೊತ್ತಿನ ನಮಾಝಿಗೆ ತಪ್ಪದ, ತಿಂಗಳು ತಿಂಗಳು ಮನೆಗೆ ಹಣ ಕಳಿಸುವ, ಊರಲ್ಲಿ 'ಒಳ್ಳೆಯ ಹುಡುಗ' ಎನಿಸಿಕೊಂಡ ಯುವಕ. ತಾನು ಮಾಡಹೊರಟಿರುವುದು ಒಂದು ಪಾಪ ಎಂಬ ಕಲ್ಪನೆಯೇ ಅವನಿಗೆ ಇರಲಿಲ್ಲ. ಹಂದಿಮಾಂಸವನ್ನೋ ಬಡ್ಡಿಯನ್ನೋ ಹೀಗೆ ಅಂಗಡಿಯ ಕೌಂಟರಿನಲ್ಲಿ ನಿಂತು ಕೇಳಲು ಅವನಿಂದ ಸಾಧ್ಯವಾಗುತ್ತಿತ್ತೇ? ಖಂಡಿತ ಇಲ್ಲ. ಹಾಗಾದರೆ ಗೂಢಚಾರಿಕೆಯನ್ನು ಹರಾಮಿನ ಪಟ್ಟಿಯಿಂದ ತೆಗೆದುಹಾಕಿದವರು ಯಾರು?

ಮನೆಯಲ್ಲಿ ಅಡಗಿಸಿಟ್ಟ ಕಿವಿಗಳನ್ನು ಪತ್ತೆಹಚ್ಚುವುದು ಹೇಗೆ ಎಂಬ ವಿಷಯದಲ್ಲಿ ಈಗ ಬೇಕಾದಷ್ಟು ಸಲಹೆಗಳು ಸಿಗುತ್ತವೆ. ಉಪಯುಕ್ತವಾದ ಕೆಲವನ್ನು ಈ ಲೇಖನದಲ್ಲಿಯೂ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಆ ಕಿವಿಯನ್ನು ಅಲ್ಲಿ ಇಟ್ಟವರು ಯಾರು ಎಂಬ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಏಕೆಂದರೆ ಸಾಮಾನ್ಯ ಕುಟುಂಬದ ಮಲಗುವ ಕೋಣೆಗೆ ಇಂತಹ ಸಾಧನ ಬರುವುದು ವಿದೇಶಿ ಗೂಢಚಾರನ ಮೂಲಕವಲ್ಲ. ಅದನ್ನು ತಂದಿಡುವುದು ಆ ಕೋಣೆಗೆ ಪ್ರವೇಶವಿರುವ, ಅಲ್ಲಿ ವಿಶ್ವಾಸ ಗಳಿಸಿರುವ ವ್ಯಕ್ತಿ.

ಪ್ರಭುತ್ವದ ಕಿವಿ

ಪ್ರಭುತ್ವವು ಪ್ರಜೆಗಳ ಮನೆಗೆ ಇಣುಕುವುದು ಹೊಸತೇನಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು ದರೋಡೆ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆ ಮಾಡಲಾಗಿತ್ತು. ಆದರೂ ಪೊಲೀಸರು ರಾತ್ರಿ ಹೊತ್ತು ಅವರ ಮನೆಯ ಬಾಗಿಲು ಬಡಿಯುವುದನ್ನು ಬಿಡಲಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟಿನ ಆರು ಮಂದಿ ನ್ಯಾಯಾಧೀಶರ ಪೀಠವು ಆ ರಾತ್ರಿ ಭೇಟಿಯನ್ನು ರದ್ದುಪಡಿಸಿತಾದರೂ, ಖಾಸಗಿತನವೆಂಬುದು ಮೂಲಭೂತ ಹಕ್ಕಲ್ಲ ಎಂದು ಬಹುಮತದಿಂದ ಹೇಳಿಬಿಟ್ಟಿತು. ಭಿನ್ನಮತದ ತೀರ್ಪು ನೀಡಿದ ನ್ಯಾಯಮೂರ್ತಿ ಸುಬ್ಬರಾವ್ ಅವರು ಖಾಸಗಿತನವು ವ್ಯಕ್ತಿಸ್ವಾತಂತ್ರ್ಯದ ಅವಿಭಾಜ್ಯ ಅಂಗ ಎಂದರು. ಅವರ ಮಾತು ಕಾನೂನಾಗಲು 55 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ವಿರುದ್ಧ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು.

ದೂರವಾಣಿ ಕದ್ದಾಲಿಕೆಯ ಇತಿಹಾಸದಲ್ಲಿಯೂ ಕರ್ನಾಟಕಕ್ಕೆ ಒಂದು ಸ್ಥಾನವಿದೆ. 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ನೀಡಿದ್ದು ಇದೇ ಆರೋಪದ ಮೇಲೆ. 2019ರಲ್ಲಿ ಅಂತಹುದೇ ಆರೋಪವೊಂದನ್ನು ರಾಜ್ಯ ಸರಕಾರ ಸಿಬಿಐ ತನಿಖೆಗೆ ಒಪ್ಪಿಸಿತು. ನಡುವೆ 1996ರಲ್ಲಿ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗೃಹ ಕಾರ್ಯದರ್ಶಿಯ ಮಟ್ಟದ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ದೂರವಾಣಿ ಕದ್ದಾಲಿಸಬಾರದು, ಆ ಆದೇಶವನ್ನು ಒಂದು ಸಮಿತಿ ಪರಿಶೀಲಿಸಬೇಕು ಎಂದು ನಿರ್ದೇಶಿಸಿತ್ತು. ಆದೇಶ ನೀಡುವವರೂ ಸರಕಾರದವರು, ಪರಿಶೀಲಿಸುವವರೂ ಸರಕಾರದವರು! 1885ರ ಟೆಲಿಗ್ರಾಫ್ ಕಾಯ್ದೆಯ ಜಾಗದಲ್ಲಿ 2023ರ ದೂರಸಂಪರ್ಕ ಕಾಯ್ದೆ ಬಂದ ಬಳಿಕವೂ ಈ ಏರ್ಪಾಡು ಮೂಲತಃ ಬದಲಾಗಿಲ್ಲ.

2021ರಲ್ಲಿ ಪೆಗಾಸಸ್ ಸುದ್ದಿ ಸ್ಫೋಟಿಸಿತು. ಇಸ್ರೇಲಿನ ಎನ್‌ಎಸ್‌ಒ ಕಂಪೆನಿಯ ಈ ತಂತ್ರಾಂಶವು ಫೋನಿನೊಳಗೆ ನುಸುಳಿದರೆ ಅದರ ಮೈಕನ್ನೇ ಕಿವಿಯಾಗಿಸುತ್ತದೆ. ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯಲ್ಲಿ ಸುಪ್ರೀಂ ಕೋರ್ಟ್ ತಾಂತ್ರಿಕ ಸಮಿತಿ ನೇಮಿಸಿತು. 29 ಫೋನುಗಳನ್ನು ಪರೀಕ್ಷಿಸಿದ ಸಮಿತಿಗೆ ಐದರಲ್ಲಿ ದುರುದ್ದೇಶದ ತಂತ್ರಾಂಶ ಕಂಡುಬಂತು. ಅದು ಪೆಗಾಸಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರಕಾರ ಸಮಿತಿಗೆ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿಯೇ ತಿಳಿಸಲಾಯಿತು.

ಮುಸ್ಲಿಮರ ಮಟ್ಟಿಗೆ ಈ ಕಿವಿಯ ಅನುಭವ ಇನ್ನೂ ಕಹಿಯಾದುದು. ಅಮೆರಿಕದ ಕ್ಯಾಲಿಫೋರ್ನಿಯಾದ ಅರ್ವೈನ್ ಮಸೀದಿಗೆ 2006ರಲ್ಲಿ ಫಾರೂಕ್ ಎಂಬ ಹೆಸರಿನಲ್ಲಿ ಹೊಸ ಮುಸ್ಲಿಮನೊಬ್ಬ ಬಂದ. ನಿಜದಲ್ಲಿ ಆತ ಎಫ್‌ಬಿಐಯ ಮಾಹಿತಿದಾರ ಕ್ರೇಗ್ ಮಾಂಟೈಲ್. ಮೈಕ್ ಅಡಗಿಸಿದ ಕೀಲಿಗೊಂಚಲನ್ನು ಮರೆತವನಂತೆ ಮಸೀದಿಯಲ್ಲಿ ಬಿಟ್ಟುಹೋಗಿ, ತಾನಿಲ್ಲದಾಗ ನಡೆಯುವ ಮಾತುಗಳನ್ನೂ ದಾಖಲಿಸುತ್ತಿದ್ದೆ ಎಂದು ಮುಂದೆ ಆತನೇ ಹೇಳಿಕೊಂಡ. ಆತ ಹಿಂಸೆಯ ಮಾತು ಎತ್ತಿದಾಗ ಮಸೀದಿಯವರು ಏನು ಮಾಡಿದರು ಗೊತ್ತೇ? ಗಾಬರಿಗೊಂಡು, ಇಂಥವನೊಬ್ಬ ಬಂದಿದ್ದಾನೆಂದು ಎಫ್‌ಬಿಐಗೇ ದೂರು ಕೊಟ್ಟರು! ನ್ಯೂಯಾರ್ಕ್ ಪೊಲೀಸರ ವಿಶೇಷ ಘಟಕವೊಂದು ವರ್ಷಗಟ್ಟಲೆ ಮುಸ್ಲಿಮರ ಚಹಾದಂಗಡಿ, ಪುಸ್ತಕದಂಗಡಿ, ಮಸೀದಿಗಳ ಮೇಲೆ ಕಣ್ಣಿಟ್ಟಿತ್ತು. ಆ ಕೆಲಸದಿಂದ ಒಂದೇ ಒಂದು ಭಯೋತ್ಪಾದನಾ ತನಿಖೆಯೂ ಹುಟ್ಟಿಲ್ಲವೆಂದು 2012ರಲ್ಲಿ ಅದರ ಹಿರಿಯ ಅಧಿಕಾರಿಯೇ ಪ್ರಮಾಣ ಮಾಡಿ ಹೇಳಿದರು. 2014ರಲ್ಲಿ ಆ ಘಟಕವನ್ನು ಮುಚ್ಚಲಾಯಿತು. ಆದರೆ ಪಕ್ಕದ ಸಫ್‌ನಲ್ಲಿ ನಿಂತವನನ್ನು ಸಂಶಯದಿಂದ ನೋಡುವ ರೋಗವನ್ನು ಮುಚ್ಚುವವರು ಯಾರು?

ಇದನ್ನೆಲ್ಲ ಓದುವಾಗ ನಮಗೆ ಸಿಟ್ಟು ಬರುತ್ತದೆ. ಬರಬೇಕಾದುದೇ. ಆದರೆ ಅದೇ ಸಿಟ್ಟು ನಮ್ಮ ಮನೆಯೊಳಗಿನ ಗೂಢಚಾರನ ಮೇಲೆ ಏಕೆ ಬರುವುದಿಲ್ಲ?

ಬಾಗಿಲು ತಟ್ಟುವ ಧರ್ಮ

ಇತರರ ಮನೆಯನ್ನು ಪ್ರವೇಶಿಸುವ ಮುನ್ನ ಅನುಮತಿ ಕೇಳಬೇಕು, ಸಲಾಮ್ ಹೇಳಬೇಕು, ಮರಳಿ ಹೋಗಿರೆಂದರೆ ಮರಳಿ ಹೋಗಬೇಕು ಎಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯ ಕಲಿಸುತ್ತದೆ. ಇದು ನಮಗೆಲ್ಲ ಗೊತ್ತಿದೆ. ಆದರೆ ಅದೇ ಅಧ್ಯಾಯದ 58ನೆಯ ಸೂಕ್ತವನ್ನು ನಾವು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ. ಪ್ರಭಾತ ನಮಾಝಿನ ಮೊದಲು, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಮಿಸುವ ಹೊತ್ತು, ಇಶಾ ನಮಾಝಿನ ಬಳಿಕ - ಈ ಮೂರು ಸಮಯಗಳಲ್ಲಿ ಮನೆಯ ಮಕ್ಕಳೂ ಸೇವಕರೂ ಕೂಡ ಅನುಮತಿ ಕೇಳಿಯೇ ಒಳಬರಬೇಕೆಂದು ಅಲ್ಲಿ ಆದೇಶಿಸಲಾಗಿದೆ. ಅಂದರೆ ಖಾಸಗಿತನದ ಗಡಿ ಮನೆಯ ಹೊಸ್ತಿಲಿಗೆ ಮುಗಿಯುವುದಿಲ್ಲ. ಮನೆಯೊಳಗೂ ಬಾಗಿಲುಗಳಿವೆ. "ಒಂದೇ ಮನೆಯವರಲ್ಲಿ ಎಂಥದ್ದು ಗುಟ್ಟು?" ಎಂದು ಕೇಳುವವರು ಈ ಸೂಕ್ತವನ್ನೊಮ್ಮೆ ಓದಬೇಕು.

ಅಲ್ ಹುಜುರಾತ್ ಅಧ್ಯಾಯವಂತೂ ಗುಮಾನಿ, ಗೂಢಚಾರಿಕೆ, ಪರನಿಂದೆ - ಈ ಮೂರನ್ನು ಒಂದೇ ಸೂಕ್ತದಲ್ಲಿ ನಿಷೇಧಿಸಿದೆ. ಆ ಅನುಕ್ರಮವನ್ನು ಗಮನಿಸಿರಿ. ಮೊದಲು ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ. ಅದನ್ನು ಖಚಿತಪಡಿಸಲು ಕಿವಿ ಇಡುತ್ತೇವೆ. ಕೇಳಿದ್ದನ್ನು ನಾಲ್ಕು ಜನರಿಗೆ ಹಂಚುತ್ತೇವೆ. ಇಂದಿನ ವಾಟ್ಸ್‌ಆ್ಯಪ್ ಆಡಿಯೋ ಕ್ಲಿಪ್ಪುಗಳು ಸಾಗುವುದು ಸರಿಯಾಗಿ ಈ ಮೂರು ಮೆಟ್ಟಿಲುಗಳಲ್ಲಿಯೇ. ಪರನಿಂದೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದ ಸೂಕ್ತ ಅದು. ಅದನ್ನು ಜುಮಾ ಪ್ರವಚನದಲ್ಲಿ ಕೇಳಿ ಕಣ್ಣೊದ್ದೆ ಮಾಡಿಕೊಂಡು ಹೊರಬಂದವರೇ ಮೆಟ್ಟಿಲಲ್ಲಿ ನಿಂತು ಯಾರದೋ ಮನೆಯ ಕ್ಲಿಪ್ಪನ್ನು ಮುಂದಕ್ಕೆ ಕಳಿಸುತ್ತಾರೆ.

ತಾವು ಕೇಳಬಾರದೆಂದು ಜನರು ಬಯಸುವ ಮಾತಿಗೆ ಕಿವಿಗೊಟ್ಟವನ ಕಿವಿಗೆ ಅಂತ್ಯದಿನದಂದು ಕರಗಿದ ಸೀಸ ಸುರಿಯಲಾಗುವುದೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ತಮ್ಮ ಮನೆಯ ಬಾಗಿಲ ಬಿರುಕಿನಲ್ಲಿ ಇಣುಕಿದವನೊಬ್ಬನಿಗೆ ಪ್ರವಾದಿ(ಸ) ಅತ್ಯಂತ ಕಠಿಣ ಶಬ್ದಗಳಲ್ಲಿ ಎಚ್ಚರಿಕೆ ಕೊಟ್ಟದ್ದೂ, ಅನುಮತಿ ಕೇಳುವ ನಿಯಮವಿರುವುದೇ ಕಣ್ಣಿನ ಕಾರಣಕ್ಕೆಂದು ತಿಳಿಸಿದ್ದೂ ಅಲ್ಲಿಯೇ ಇದೆ. ಇನ್ನು ಆ ಗಲ್ಫ್ ಯುವಕನಿಗೆ ನೇರವಾಗಿ ಅನ್ವಯಿಸುವ ಹದೀಸೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರಯಾಣದಿಂದ ಮರಳುವವನು ಮನೆಯವರ ವಿಶ್ವಾಸದ್ರೋಹವನ್ನು ಹಿಡಿಯಲೆಂದೋ ಅವರ ತಪ್ಪುಗಳನ್ನು ಹುಡುಕಲೆಂದೋ ರಾತ್ರಿ ಹೊತ್ತು ಹಠಾತ್ತಾಗಿ ಮನೆಗೆ ನುಗ್ಗುವುದನ್ನು ಪ್ರವಾದಿ(ಸ) ತಡೆದಿದ್ದರು. ತನ್ನದೇ ಮನೆ, ತನ್ನದೇ ಪತ್ನಿ. ಆದರೂ ಹೊಂಚು ಹಾಕುವ ಅಧಿಕಾರವಿಲ್ಲ!

ಹಝ್ರತ್ ಉಮರ್(ರ) ಅವರ ಕುರಿತು ಬರುವ ವೃತ್ತಾಂತವೂ ಪ್ರಸಿದ್ಧವಾದುದು. ಮದೀನಾದಲ್ಲಿ ರಾತ್ರಿ ಗಸ್ತು ತಿರುಗುತ್ತಿದ್ದ ಖಲೀಫರಿಗೆ ಒಂದು ಮನೆಯಿಂದ ಹಾಡು ಕೇಳಿಸಿತು. ಗೋಡೆ ಹತ್ತಿ ಒಳಗಿಳಿದಾಗ ಒಬ್ಬಾತ ಹೆಣ್ಣು ಮತ್ತು ಮದ್ಯದೊಂದಿಗೆ ಸಿಕ್ಕಿಬಿದ್ದ. ಆತ ಹೆದರಲಿಲ್ಲ. ತಾನು ಮಾಡಿದ್ದು ಒಂದು ತಪ್ಪು, ಖಲೀಫರು ಮಾಡಿದ್ದು ಮೂರು ಎಂದು ಎಣಿಸಿ ತೋರಿಸಿದ: ಗೂಢಚಾರಿಕೆ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ. ಉಮರ್(ರ) ಅವರು ಅದನ್ನು ಒಪ್ಪಿಕೊಂಡು ಮರಳಿದರು. ಅರ್ಧ ಜಗತ್ತನ್ನು ನಡುಗಿಸಿದ ಆಡಳಿತಗಾರನಿಗೆ ಇಲ್ಲದ ಅಧಿಕಾರವನ್ನು ಇಂದಿನ ಗಂಡ, ಮಾವ, ಅತ್ತೆ, ಅಣ್ಣಂದಿರಿಗೆ ಕೊಟ್ಟವರು ಯಾರು?

ಜಮಾಅತ್‌ನ ಮೇಜಿನ ಮೇಲೊಂದು ಮೊಬೈಲ್

ಈಗ ಕೆಲವರಿಗೆ ಇಷ್ಟವಾಗದ ಮಾತೊಂದನ್ನು ಹೇಳಬೇಕಾಗಿದೆ. ದಾಂಪತ್ಯದ ಜಗಳಗಳು ಜಮಾಅತ್ ಕಮಿಟಿಯ ಮುಂದೆ ಬಂದಾಗ, ಒಂದು ಕಡೆಯವರು ಮೇಜಿನ ಮೇಲೆ ಮೊಬೈಲ್ ಇಟ್ಟು ಪತ್ನಿ ತನ್ನ ತಾಯಿಯೊಡನೆ ಅಥವಾ ತಂಗಿಯೊಡನೆ ಆಡಿದ ಮಾತಿನ ರೆಕಾರ್ಡಿಂಗ್ ಹಾಕುವುದನ್ನು ನಾನು ಕಂಡಿದ್ದೇನೆ. ಏಳೆಂಟು ಗಂಡಸರು ತಲೆ ಬಗ್ಗಿಸಿ ಕೇಳುತ್ತಾರೆ. ಮಗಳೊಬ್ಬಳು ಉಮ್ಮನ ಬಳಿ ಅತ್ತು ಹೇಳಿಕೊಂಡ ಸಂಕಟ ಅಲ್ಲಿ 'ಸಾಕ್ಷ್ಯ'ವಾಗುತ್ತದೆ. ಈ ರೆಕಾರ್ಡಿಂಗ್ ಎಲ್ಲಿಂದ ಬಂತು, ಹೇಗೆ ಬಂತು ಎಂದು ಒಬ್ಬರೂ ಕೇಳುವುದಿಲ್ಲ. ಆಕೆ ಅತ್ತೆಯನ್ನು ಬೈದದ್ದು ತಪ್ಪೇ ಇರಬಹುದು. ಆದರೆ ಆ ಬೈಗುಳ ಕೋಣೆಯೊಳಗೆ ತಾಯಿಯ ಕಿವಿಗೆ ಬಿದ್ದು ಅಲ್ಲಿಯೇ ಸಾಯುತ್ತಿತ್ತು. ಅದನ್ನು ಕದ್ದು ತಂದು ಊರ ಮುಂದೆ ಬಡಿಸಿದವನು ಸಂತ್ರಸ್ತನೇ?

ಹಾಗೆ ಕೇಳಿಸಿಕೊಳ್ಳುವ ಕಮಿಟಿ ಕರಗಿದ ಸೀಸದ ಎಚ್ಚರಿಕೆಯಿಂದ ಹೊರಗಿದೆಯೇ? ಕದ್ದ ಮಾಲನ್ನು ಕೊಂಡವನಿಗೂ ಕಳ್ಳತನದಲ್ಲಿ ಪಾಲಿದೆ. ಕದ್ದ ಮಾತಿಗೆ ಕಿವಿಗೊಟ್ಟವನಿಗೂ ಅಷ್ಟೇ.

ಇದಕ್ಕೆ ಉತ್ತರವಾಗಿ ಈಗ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಮುಂದಿಡುವವರಿದ್ದಾರೆ. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರ ಪೀಠವು, ಗಂಡನು ಹೆಂಡತಿಗೆ ತಿಳಿಯದಂತೆ ದಾಖಲಿಸಿದ ದೂರವಾಣಿ ಸಂಭಾಷಣೆಯನ್ನು ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಹೇಳಿತು. ಇದು ಪತ್ನಿಯ ಖಾಸಗಿತನದ ಉಲ್ಲಂಘನೆ ಎಂದಿದ್ದ ಪಂಜಾಬ್-ಹರ್ಯಾಣ ಹೈಕೋರ್ಟಿನ 2021ರ ತೀರ್ಪನ್ನು ಅದು ರದ್ದುಪಡಿಸಿತು. ದಂಪತಿಗಳು ಪರಸ್ಪರರ ಮೇಲೆ ಗೂಢಚಾರಿಕೆ ಮಾಡುವ ಹಂತಕ್ಕೆ ಬಂದಿದ್ದಾರೆಂದರೆ ಆ ದಾಂಪತ್ಯ ಅದಾಗಲೇ ಮುರಿದಿದೆ ಎಂಬುದು ನ್ಯಾಯಾಲಯದ ತರ್ಕ.

ಗೌರವಪೂರ್ವಕವಾಗಿಯೇ ಈ ತರ್ಕವನ್ನು ಒಪ್ಪುವುದು ಕಷ್ಟ. ಸಂಶಯಗ್ರಸ್ತ ಗಂಡ ಮದುವೆಯ ಮೊದಲ ವರ್ಷದಲ್ಲಿಯೇ ಮೈಕ್ ಇಡಬಹುದು. ಅಲ್ಲಿ ಮೈಕ್ ಇರುವುದು ದಾಂಪತ್ಯ ಮುರಿದುದಕ್ಕೆ ಸಾಕ್ಷಿಯಲ್ಲ, ದಾಂಪತ್ಯ ಮುರಿಯುವುದಕ್ಕೆ ಕಾರಣ. ಮೇಲಾಗಿ, ಗುಟ್ಟಾಗಿ ರೆಕಾರ್ಡ್ ಮಾಡಿದರೆ ನ್ಯಾಯಾಲಯದಲ್ಲಿ ನಡೆಯುತ್ತದೆ ಎಂಬ ಸುದ್ದಿ ಹರಡಿದ ಮೇಲೆ ಆ ಸಾಧನಗಳ ವ್ಯಾಪಾರ ಕಡಿಮೆಯಾದೀತೇ? ಇರಲಿ. ಆ ತೀರ್ಪು ಸಾಕ್ಷ್ಯ ಕಾನೂನಿನ ಒಂದು ಪ್ರಶ್ನೆಗೆ ಉತ್ತರಿಸಿದೆಯೇ ಹೊರತು ಹೆಂಡತಿಯ ಮೇಲೆ ಗೂಢಚಾರಿಕೆ ಮಾಡುವುದು ಒಳ್ಳೆಯದೆಂದು ಹೇಳಿಲ್ಲ. ಕಾನೂನು ತಡೆಯದ ಎಷ್ಟೋ ವಿಷಯಗಳನ್ನು ಧರ್ಮ ತಡೆಯುತ್ತದೆ. ಬಡ್ಡಿಯನ್ನು ದೇಶದ ಕಾನೂನು ಒಪ್ಪುತ್ತದೆ. ಹಾಗೆಂದು ಅದು ಹಲಾಲ್ ಎಂದು ಯಾವ ಕಮಿಟಿಯಾದರೂ ಹೇಳಿದ್ದುಂಟೇ?

ಇಲ್ಲೊಂದು ನ್ಯಾಯವಾದ ಆಕ್ಷೇಪವೂ ಇದೆ. ಗಂಡ ಹೊಡೆಯುತ್ತಾನೆ, ಫೋನಿನಲ್ಲಿ ಕೊಲ್ಲುತ್ತೇನೆಂದು ಬೆದರಿಸುತ್ತಾನೆ. ಹೊರಗೆ ಬಂದರೆ ಸಭ್ಯಸ್ಥ. ಆಕೆ ಆ ಬೆದರಿಕೆಯನ್ನು ರೆಕಾರ್ಡ್ ಮಾಡಿದರೆ ತಪ್ಪೇ? ಅಲ್ಲ. ಆಕೆ ಇನ್ನೊಬ್ಬರ ಮಾತನ್ನು ಕದಿಯುತ್ತಿಲ್ಲ. ತನಗೇ ಹೇಳಿದ ಮಾತನ್ನು, ತನ್ನ ಪ್ರಾಣ ಉಳಿಸಲು ಜೋಪಾನ ಮಾಡುತ್ತಿದ್ದಾಳೆ. ಕೆಟ್ಟ ಮಾತು ಬಹಿರಂಗವಾಗುವುದನ್ನು ಮೆಚ್ಚದ ಕುರ್‌ಆನ್, ಅನ್ಯಾಯಕ್ಕೊಳಗಾದವರಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ತನ್ನ ಮೇಲಿನ ಹಲ್ಲೆಗೆ ಪುರಾವೆ ಹುಡುಕುವುದು ಬೇರೆ, ತಾನಿಲ್ಲದ ಕೋಣೆಯಲ್ಲಿ ಕಿವಿ ನೆಟ್ಟು ತಪ್ಪು ಸಿಗುವ ತನಕ ಕಾಯುವುದು ಬೇರೆ. ಹಾಗೆಯೇ, ಹಾಸಿಗೆ ಹಿಡಿದ ಮುದುಕರನ್ನೋ ಹಸುಳೆಯನ್ನೋ ನೋಡಿಕೊಳ್ಳಲು ಮನೆಯವರೆಲ್ಲರಿಗೂ ತಿಳಿಸಿ ಕ್ಯಾಮರಾ ಇಡುವುದೂ ಗೂಢಚಾರಿಕೆಯಲ್ಲ. ಮಕ್ಕಳ ಮೊಬೈಲ್ ಮೇಲೆ ಹೆತ್ತವರ ನಿಗಾ ಬೇಕು. ಆದರೆ ಅದು ಮಕ್ಕಳಿಗೆ ಗೊತ್ತಿರುವ ನಿಗಾ ಆಗಿರಲಿ. ಗುಟ್ಟಾಗಿ ಹಿಡಿಯಲ್ಪಟ್ಟ ಮಗು ತಪ್ಪು ಬಿಡುವುದನ್ನು ಕಲಿಯುವುದಿಲ್ಲ, ಅಡಗಿಸುವುದನ್ನು ಕಲಿಯುತ್ತದೆ.

ಸಂಶಯ ಬಂದಾಗ ಏನು ಮಾಡಬೇಕು?

ತಾನು ಯಾರೊಡನೆಯೂ ಹೇಳದ ವಿಷಯ ಇನ್ನೊಬ್ಬರಿಗೆ ಪದೇ ಪದೇ ತಿಳಿಯುತ್ತಿದ್ದರೆ ಎಚ್ಚರಗೊಳ್ಳಬೇಕು. ಮೊದಲು ನೋಡಬೇಕಾದುದು ಗೋಡೆಯನ್ನಲ್ಲ, ಕೈಯಲ್ಲಿರುವ ಫೋನನ್ನು. ಇಂದು ಮನೆಯೊಳಗಿನ ಗೂಢಚಾರಿಕೆಗೆ ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಜೋಡಿಸಲ್ಪಟ್ಟ ಇತರ ಸಾಧನಗಳ ಪಟ್ಟಿ ಇದೆ. ಅದರಲ್ಲಿ ನಿಮಗೆ ತಿಳಿಯದ ಕಂಪ್ಯೂಟರ್ ಇದ್ದರೆ ನಿಮ್ಮ ಸಂದೇಶಗಳನ್ನು ಇನ್ನೊಬ್ಬರು ಓದುತ್ತಿದ್ದಾರೆ ಎಂದರ್ಥ. ಗೂಗಲ್ ಖಾತೆಯ ಪಾಸ್‌ವರ್ಡ್ ಗಂಡನೋ ಅಣ್ಣನೋ ಹಾಕಿಕೊಟ್ಟದ್ದಾದರೆ ಅದನ್ನು ಬದಲಾಯಿಸಬೇಕು. ನೀವು ಹಾಕದ ಆ್ಯಪ್‌ಗಳಿಗೆ ಮೈಕ್, ಸ್ಥಳ, 'ಆ್ಯಕ್ಸೆಸಿಬಿಲಿಟಿ' ಅನುಮತಿ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು. ಆ್ಯಂಡ್ರಾಯ್ಡ್ 12 ಮತ್ತು ನಂತರದ ಫೋನುಗಳಲ್ಲಿ ಮೈಕ್ ಅಥವಾ ಕ್ಯಾಮರಾ ಬಳಕೆಯಾಗುವಾಗ ಮೇಲ್ಗಡೆ ಹಸಿರು ಗುರುತು ಕಾಣಿಸುತ್ತದೆ. ಐಫೋನಿನಲ್ಲಿ ಮೈಕಿಗೆ ಕಿತ್ತಳೆ ಬಣ್ಣದ ಚುಕ್ಕಿ. ನೀವು ಏನೂ ಮಾಡದಿರುವಾಗ ಅದು ಹೊತ್ತಿಕೊಂಡರೆ ಕಾರಣ ಹುಡುಕಬೇಕು.

ಅನಂತರ ಕೋಣೆ. ಸಾಧನ ಕೊಳ್ಳುವ ಮೊದಲು ಕಣ್ಣು ಮತ್ತು ಕೈಯನ್ನು ಉಪಯೋಗಿಸಿರಿ. ದಿನಗಟ್ಟಲೆ ಕೆಲಸ ಮಾಡುವ ಮೈಕಿಗೆ ವಿದ್ಯುತ್ ಬೇಕು. ಆದುದರಿಂದ ಅದು ಹೆಚ್ಚಾಗಿ ಅಡಗುವುದು ಎಕ್ಸ್‌ಟೆನ್ಶನ್ ಬಾಕ್ಸ್, ಚಾರ್ಜರ್, ಗೋಡೆಯ ಸಾಕೆಟ್, ಗಡಿಯಾರ, ಟಿವಿ ಪೆಟ್ಟಿಗೆಗಳಲ್ಲಿ. ಇತ್ತೀಚೆಗೆ ಮನೆಗೆ ಬಂದ ವಸ್ತು ಯಾವುದು? ಉಡುಗೊರೆಯಾಗಿ ಬಂದದ್ದು ಯಾವುದು? ಉಪಯೋಗಿಸದಿದ್ದರೂ ಬೆಚ್ಚಗಿರುವ ಚಾರ್ಜರ್ ಯಾವುದು? ತಳಭಾಗದಲ್ಲಿ ಸಿಮ್ ಅಥವಾ ಮೆಮೊರಿ ಕಾರ್ಡ್ ತೂರಿಸುವ ಸೀಳು ಇದೆಯೇ? ಬ್ಯಾಟರಿಯಲ್ಲಿ ನಡೆಯುವುದಾದರೆ ಯಾರಾದರೂ ಆಗಾಗ ಬಂದು ಅದನ್ನು ಚಾರ್ಜ್ ಮಾಡಬೇಕು. ಆಗ ವಸ್ತುವಿನ ಮೇಲಲ್ಲ, ಬರುವವರ ಮೇಲೆ ಗಮನವಿರಲಿ.

ಸಿಮ್ ಹಾಕಿದ ಮೈಕ್ ಎಂದರೆ ಪರದೆಯೂ ಗಂಟೆಯೂ ಇಲ್ಲದ ಒಂದು ಮೊಬೈಲ್, ಅಷ್ಟೇ. ಕರೆ ಬಂದಾಗ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಹಳೆಯ 2ಜಿ ಮಾದರಿಯದ್ದಾದರೆ, ಹತ್ತಿರದ ರೇಡಿಯೋ ಅಥವಾ ಸ್ಪೀಕರಿನಲ್ಲಿ ಕರೆ ಬರುವ ಮುನ್ನ ಕೇಳಿಸುವ 'ಟರ್ರ್ ಟರ್ರ್' ಸದ್ದು ಅದನ್ನು ಬಿಟ್ಟುಕೊಡಬಹುದು. ವೈಫೈ ಕ್ಯಾಮರಾ ಆಗಿದ್ದರೆ ರೂಟರ್‌ನಲ್ಲಿರುವ ಸಾಧನಗಳ ಪಟ್ಟಿಯಲ್ಲಿ ಕಾಣಬಹುದು. ಕೋಣೆಯನ್ನು ಕತ್ತಲು ಮಾಡಿ ಟಾರ್ಚ್ ಬೆಳಕನ್ನು ಕಣ್ಣಿನ ನೇರಕ್ಕೆ ಹಿಡಿದು ನಿಧಾನವಾಗಿ ಹಾಯಿಸಿದರೆ ಕ್ಯಾಮರಾದ ಮಸೂರ ಮಿನುಗುತ್ತದೆ. ದಕ್ಷಿಣ ಕೊರಿಯಾದಲ್ಲಿ 2019ರಲ್ಲಿ 30 ವಸತಿಗೃಹಗಳ 42 ಕೊಠಡಿಗಳಲ್ಲಿ ಇಂತಹ ಕ್ಯಾಮರಾಗಳು ಪತ್ತೆಯಾದವು. ಸುಮಾರು 1,600 ಮಂದಿ ಅದಕ್ಕೆ ಬಲಿಯಾಗಿದ್ದರು. ಅವು ಇದ್ದದ್ದು ಟಿವಿ ಪೆಟ್ಟಿಗೆ, ಸಾಕೆಟ್, ಕೂದಲು ಒಣಗಿಸುವ ಯಂತ್ರದ ಗೂಡುಗಳಲ್ಲಿ.

ಅಗ್ಗದ 'ಬಗ್ ಡಿಟೆಕ್ಟರ್'ಗಳಿಗೆ ಹಣ ಸುರಿಯುವ ಮುನ್ನ ಒಂದು ವಿಷಯ ತಿಳಿದಿರಬೇಕು. ಅವು ರೇಡಿಯೋ ಅಲೆಗಳನ್ನು ಮಾತ್ರ ಗ್ರಹಿಸುತ್ತವೆ. ಪಕ್ಕದ ಮನೆಯ ವೈಫೈಗೂ ಕೂಗುತ್ತವೆ. ಆದರೆ ಏನನ್ನೂ ಪ್ರಸಾರ ಮಾಡದೆ ಒಳಗೇ ದಾಖಲಿಸಿಕೊಳ್ಳುವ ರೆಕಾರ್ಡರ್ ಎದುರು ಅವು ಮೂಕವಾಗುತ್ತವೆ. 1945ರಲ್ಲಿ ಸೋವಿಯತ್ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ಲಾಂಛನವೊಂದನ್ನು ಉಡುಗೊರೆ ಕೊಟ್ಟಿದ್ದರು. ಥೆರೆಮಿನ್ ಎಂಬ ತಂತ್ರಜ್ಞ ರೂಪಿಸಿದ ಮೈಕ್ ಅದರೊಳಗಿತ್ತು. ಅದಕ್ಕೆ ಬ್ಯಾಟರಿಯೂ ಇರಲಿಲ್ಲ, ತಂತಿಯೂ ಇರಲಿಲ್ಲ. ಹೊರಗಿನಿಂದ ರೇಡಿಯೋ ಅಲೆ ಹಾಯಿಸಿದಾಗ ಮಾತ್ರ ಜೀವ ಬರುತ್ತಿತ್ತು. ಏಳು ವರ್ಷ ಅದು ರಾಯಭಾರಿಯ ನಿವಾಸದ ಗೋಡೆಯ ಮೇಲಿತ್ತು. ಬಲಿಷ್ಠ ರಾಷ್ಟ್ರದ ತಜ್ಞರಿಗೇ ಏಳು ವರ್ಷ ಕಾಣದ್ದು ಅಗ್ಗದ ಪೆಟ್ಟಿಗೆಗೆ ಕಾಣಬೇಕೆಂದೇನೂ ಇಲ್ಲ. ಡಿಟೆಕ್ಟರ್ ಮೌನವಾಗಿದೆ ಎಂದ ಮಾತ್ರಕ್ಕೆ ಕೋಣೆ ಸುರಕ್ಷಿತವಲ್ಲ.

ಸಾಧನ ಸಿಕ್ಕಿದರೆ ಅದರ ಮುಂದೆಯೇ ಕಿರುಚಬೇಡಿ, ಒಡೆಯಬೇಡಿ. ಇದ್ದ ಜಾಗದಲ್ಲಿಯೇ ಬೇರೆಯವರ ಫೋನಿನಿಂದ ಚಿತ್ರ ತೆಗೆಯಿರಿ. ಹೊರಗೆ ಹೋಗಿ, ನಂಬಿಕಸ್ಥರೊಡನೆ ಮಾತಾಡಿರಿ. ಒಳಗಿರುವ ಸಿಮ್ ಯಾರದೋ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಪೊಲೀಸರು ಅದನ್ನು ಪತ್ತೆ ಮಾಡಬಲ್ಲರು. ಮನೆಯಲ್ಲಿ ಹಿಂಸೆಯ ಭಯವಿರುವ ಮಹಿಳೆಯರು ವಿಶೇಷವಾಗಿ ಎಚ್ಚರ ವಹಿಸಬೇಕು. ಸಾಧನ ಕಿತ್ತೊಡನೆ ಅದನ್ನು ಇಟ್ಟವನಿಗೆ ತಿಳಿದುಹೋಗುತ್ತದೆ. ಮೊದಲು ಸುರಕ್ಷಿತ ಜಾಗ, ಆಮೇಲೆ ಸಾಧನ. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112 ನೆನಪಿರಲಿ.

ಕಾನೂನಿನ ಹರಿದ ಬಲೆ

ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಂನಂತೆ ಅಪರಾಧ. ಮೊದಲ ಬಾರಿಗೇ ಒಂದರಿಂದ ಮೂರು ವರ್ಷ ಸಜೆ. ಆಕೆಯ ಇಂಟರ್ನೆಟ್ ಮತ್ತು ವಿದ್ಯುನ್ಮಾನ ಸಂಪರ್ಕದ ಮೇಲೆ ನಿಗಾ ಇಡುವುದು 78ನೆಯ ಕಲಂನಲ್ಲಿ ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಕೂಡ ಇದೆ. ಆದರೆ ಗಮನಿಸಿರಿ: 77 ಮತ್ತು 66ಇ ಹೇಳುವುದು ಮುಖ್ಯವಾಗಿ ನೋಟದ, ಚಿತ್ರದ ಕುರಿತು. ಕೋಣೆಯೊಳಗಿನ ಮಾತನ್ನು ಕದಿಯುವ ಕಿವಿಯನ್ನು ಹೆಸರಿಟ್ಟು ಹಿಡಿಯುವ ಅಷ್ಟೇ ಸ್ಪಷ್ಟವಾದ ಕಲಂ ಅಲ್ಲಿ ಕಾಣುವುದಿಲ್ಲ. ಇನ್ನು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ, ವ್ಯಕ್ತಿಯು ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಅನ್ವಯಿಸುವುದೇ ಇಲ್ಲ. ಸರಕಾರಿ ಸಂಸ್ಥೆಗಳಿಗೂ ವಿನಾಯಿತಿ ಕೊಡಲು ಅವಕಾಶವಿಟ್ಟುಕೊಂಡಿದೆ. ಮೇಲಿನ ಪ್ರಭುವಿಗೂ ವಿನಾಯಿತಿ, ಮನೆಯೊಳಗಿನ ಪ್ರಭುವಿಗೂ ವಿನಾಯಿತಿ! ಇಬ್ಬರ ನಡುವೆ ಸಿಕ್ಕಿದವಳು ಎಲ್ಲಿಗೆ ಹೋಗಬೇಕು?

ಪೂರ್ವ ಜರ್ಮನಿಯ ಸ್ಟಾಸಿ ಪೊಲೀಸರ ಕಡತಗಳು 1992ರಲ್ಲಿ ತೆರೆದಾಗ, ಸರಕಾರವನ್ನು ಟೀಕಿಸುತ್ತಿದ್ದ ವೆರಾ ಎಂಬ ಮಹಿಳೆಗೆ ತನ್ನ ಮೇಲೆ ವರದಿ ಕಳಿಸುತ್ತಿದ್ದ 'ಡೊನಾಲ್ಡ್' ಎಂಬಾತ ಯಾರೆಂದು ತಿಳಿಯಿತು. ಆತ ಆಕೆಯ ಪತಿ, ಮಕ್ಕಳ ತಂದೆ. ಸ್ಟಾಸಿಗೆ ಗೋಡೆಯಲ್ಲಿ ಮೈಕ್ ಇಡುವ ಅಗತ್ಯವೇ ಬಿದ್ದಿರಲಿಲ್ಲ. ಪ್ರಭುತ್ವದ ಕಿವಿಗೂ ಮನೆಯೊಳಗಿನ ಕಿವಿಗೂ ನಡುವೆ ಇರುವ ಗೋಡೆ ಬಹಳ ತೆಳುವಾದುದು. ಮನೆಯಲ್ಲಿ ಕದ್ದಾಲಿಸುವುದನ್ನು ಸಹಜವೆಂದು ಒಪ್ಪಿಕೊಂಡ ಸಮಾಜ, ಸರಕಾರ ಕದ್ದಾಲಿಸುವಾಗ ಯಾವ ನೈತಿಕ ಬಲದಿಂದ ಪ್ರತಿಭಟಿಸೀತು? "ತಪ್ಪು ಮಾಡದವನಿಗೆ ಹೆದರಿಕೆ ಯಾಕೆ?" ಎಂದು ಗಂಡ ಹೆಂಡತಿಗೆ ಹೇಳುವ ಮಾತನ್ನೇ ಅಲ್ಲವೇ ಪ್ರಭುತ್ವ ನಮಗೆ ಹೇಳುವುದು?

ಆದುದರಿಂದ ಮೊದಲ ಕೆಲಸ ನಮ್ಮಿಂದಲೇ ಆರಂಭವಾಗಲಿ. ಜಮಾಅತ್ ಕಮಿಟಿಗಳು ಒಂದು ನಿರ್ಣಯ ಕೈಗೊಳ್ಳಲಿ: ಇನ್ನೊಬ್ಬರ ಮಾತನ್ನು ಕದ್ದು ತಂದ ಯಾವ ರೆಕಾರ್ಡಿಂಗನ್ನೂ ನಾವು ಕೇಳುವುದಿಲ್ಲ; ತಂದವರಿಂದಲೇ ಮೊದಲು ವಿವರಣೆ ಕೇಳುತ್ತೇವೆ. ಹಲ್ಲೆ, ಬೆದರಿಕೆಗೆ ಗುರಿಯಾದವರು ತಂದ ಪುರಾವೆಯನ್ನು ಮಾತ್ರ, ಅದೂ ಗೋಪ್ಯವಾಗಿ, ಮಹಿಳೆಯರ ಉಪಸ್ಥಿತಿಯಲ್ಲಿ ಪರಿಶೀಲಿಸುತ್ತೇವೆ. ಖತೀಬರು ಒಂದು ಶುಕ್ರವಾರವನ್ನು ಅನ್ನೂರ್ ಅಧ್ಯಾಯದ 58ನೆಯ ಸೂಕ್ತಕ್ಕೆ ಮೀಸಲಿಡಲಿ. ನಿಕಾಹ್‌ಗೆ ಮುಂಚಿನ ಮಾರ್ಗದರ್ಶನ ಶಿಬಿರಗಳಲ್ಲಿ ಮಹ್ರ್, ತಲಾಕ್‌ಗಳ ಜೊತೆಗೆ ಪತ್ನಿಯ ಫೋನು ಪತ್ನಿಯದು ಎಂಬ ಸರಳ ಸತ್ಯವನ್ನೂ ಕಲಿಸಲಿ.

ಆ ಯುವಕ ಈಗ ಗಲ್ಫ್‌ನಲ್ಲಿರಬೇಕು. ಬೇಕಾದ ಸಾಧನ ಅವನಿಗೆ ಸಿಕ್ಕಿತೋ ಇಲ್ಲವೋ ತಿಳಿಯದು. ಸಿಕ್ಕಿದ್ದರೆ, ದಿನದ ದುಡಿಮೆ ಮುಗಿಸಿ ಕೋಣೆಗೆ ಬಂದು, ಸಾವಿರಾರು ಮೈಲು ದೂರದಿಂದ ಹೆಂಡತಿಯ ಕೋಣೆಯ ಮೌನವನ್ನು ಕೇಳುತ್ತಾ ಕುಳಿತಿರಬಹುದು. ಅದೇ ಹೊತ್ತನ್ನು ಆಕೆಗೆ ನೇರವಾಗಿ ಕರೆ ಮಾಡಿ "ಹೇಗಿದ್ದೀ?" ಎಂದು ಕೇಳಲು ಉಪಯೋಗಿಸಿದ್ದರೆ, ಕೇಳಬೇಕಾದ ಎಷ್ಟೋ ಮಾತುಗಳನ್ನು ಆಕೆಯೇ ಹೇಳುತ್ತಿದ್ದಳು.